ಕೆಂಪು ಪುಡಿ ಬೆಳ್ಳಗಾದ ಮಧ್ಯಾಹ್ನ

ಬೆಳಕು ಬಿದ್ದರೆ ನೀರಿನಲ್ಲಿರುವ ಬಣ್ಣವನ್ನು ಒಡೆದುಹಾಕುವ ಒಂದು ಬಿಳಿ ಪುಡಿ. ನಾಲ್ಕು ವರ್ಷ ನನ್ನ ಸಂಶೋಧನೆಯೆಂದರೆ ಅಷ್ಟೇ. ಪಾಣೆಮಂಗಳೂರಿನಿಂದ ದಿನಾ ಬಸ್ಸು ಹಿಡಿದು ಮೂಡುಬಿದಿರೆಯ ಕಾಲೇಜಿಗೆ ಹೋಗಿ, ದೀಪದ ಪೆಟ್ಟಿಗೆಯೊಳಗೆ ಒಂದೇ ಒಂದು ನೀಲಿ ಬಣ್ಣದ ಮೇಲೆ ಅದನ್ನು ಪರೀಕ್ಷಿಸುತ್ತಿದ್ದೆ. ಪ್ರಬಂಧ ಒಪ್ಪಿಸಲು ಒಂದು ವಾರ ಉಳಿದಿದೆ ಎನ್ನುವಾಗ ನನ್ನ ಮಾರ್ಗದರ್ಶಕಿ ಮೇಡಂ, ನಿಜವಾದ ಬಿಸಿಲಿನಲ್ಲಿ, ನಿಜವಾದ ಕೊಳಕು ನೀರಿನಲ್ಲಿ ಒಮ್ಮೆ ಮಾಡಿ ನೋಡು ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಶಿರ್ತಾಡಿಯಲ್ಲಿ ನೂಲಿಗೆ ಬಣ್ಣ ಹಾಕುವ ಒಂದು ಮನೆಯಿಂದ ಕ್ಯಾನಿನಲ್ಲಿ ಕೆಂಪು ನೀರು ತಂದೆ.

ನೀರಿಗೆ ಪುಡಿ ಬೆರೆಸಿದ ಮೇಲೆ ಮೊದಲು ಅರ್ಧ ಗಂಟೆ ಕತ್ತಲೆಯಲ್ಲಿ ಕಲಕಬೇಕು. ಸುಮ್ಮನೆ ಪುಡಿಗೆ ಅಂಟಿಕೊಳ್ಳುವ ಬಣ್ಣವೆಷ್ಟು ಎಂದು ಆಗಲೇ ಗೊತ್ತಾಗುವುದು. ಆದರೆ ಅದು ಜೂನ್ ತಿಂಗಳು. ನಮ್ಮ ಕಡೆ ಮಳೆಗಾಲದಲ್ಲಿ ಬಿಸಿಲು ಕಂಡರೆ ಬಟ್ಟೆ ಒಣಗಿಸಲು ಎಲ್ಲರೂ ಅಂಗಳಕ್ಕೆ ಓಡುತ್ತಾರೆ. ನಾನು ಕಲಕುವುದನ್ನು ಬಿಟ್ಟು, ಪುಡಿ ಬೆರೆಸಿದ ಎರಡು ಬೀಕರು ಹಿಡಿದು ತಾರಸಿಗೆ ಓಡಿದೆ. ಒಂದನ್ನು ಬಿಸಿಲಿಗಿಟ್ಟೆ. ಇನ್ನೊಂದಕ್ಕೆ ಬೆಳಕು ತಾಗದಂತೆ ಅಲ್ಯೂಮಿನಿಯಂ ಹಾಳೆ ಸುತ್ತಿ ಪಕ್ಕದಲ್ಲೇ ಇಟ್ಟೆ.

ಎರಡು ಗಂಟೆಯಲ್ಲಿ ಬಿಸಿಲಿನ ನೀರು ತಿಳಿಯಾಯಿತು. ಹಾಳೆ ಬಿಚ್ಚಿದರೆ ಕತ್ತಲೆಯದೂ ತಿಳಿ! ಬೆಳಕೇ ಬೇಡವೆಂದಾದರೆ ನಾಲ್ಕು ವರ್ಷ ಬರೆದದ್ದೆಲ್ಲ ಸುಳ್ಳು. ಚೆಲ್ಲಿಬಿಡೋಣ, ಯಾರಿಗೆ ಗೊತ್ತಾಗುತ್ತದೆ ಎಂದೂ ಅನ್ನಿಸಿತು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕೊನೆಗೆ ಹೋಗಿ ಮೇಡಂಗೆ ಹೇಳಿದೆ, ಕಲಕದೆ ಬಿಟ್ಟದ್ದನ್ನೂ ಹೇಳಿದೆ.

ಅವರು ಬೈಯಲಿಲ್ಲ. "ನೀರು ನೋಡಿದ್ದು ಸಾಕು. ಪುಡಿ ನೋಡುವ" ಎಂದರು.

ಎರಡನ್ನೂ ಸೋಸಿದೆವು. ಬಿಸಿಲಿನ ಪುಡಿ ಅಚ್ಚ ಬಿಳುಪು. ಕತ್ತಲೆಯದು ಮಾತ್ರ ಕುಂಕುಮದ ಹಾಗೆ ಕೆಂಪು. ಅಲ್ಲಿ ಬಣ್ಣ ಅಂಟಿಕೊಂಡಿತ್ತೇ ಹೊರತು ಒಡೆದಿರಲಿಲ್ಲ. ಮೇಡಂ ಆ ಕೆಂಪು ಪುಡಿಗೆ ನಾಲ್ಕು ಹನಿ ನೀರು ಹಾಕಿ, ಗಾಜಿನ ತಟ್ಟೆಯಲ್ಲಿ ತೆಳ್ಳಗೆ ಹರಡಿ ಬಿಸಿಲಿಗೆ ಇಟ್ಟರು. ಇಬ್ಬರೂ ಊಟ ಮರೆತು ತಟ್ಟೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತೆವು.

ಮೊದಲು ಅಂಚು ಗುಲಾಬಿಯಾಯಿತು. ಮೋಡ ಬಂತು, ಬಣ್ಣ ಇದ್ದಲ್ಲೇ ನಿಂತಿತು. ಮೋಡ ಸರಿಯಿತು, ಮತ್ತೆ ಮಾಸತೊಡಗಿತು. ಬೆಂಕಿಯಿಲ್ಲ, ಸದ್ದಿಲ್ಲ, ಯಾರೂ ಮುಟ್ಟುತ್ತಿಲ್ಲ. ಪುಡಿ ಪೂರ್ತಿ ಬೆಳ್ಳಗಾಗುವ ಹೊತ್ತಿಗೆ ನಾನು ಅಳುತ್ತಿದ್ದೆ.

ಮೂವತ್ತು ವರ್ಷ ಇದನ್ನೇ ಪಾಠ ಮಾಡಿದ ಮೇಡಂ ತಟ್ಟೆಯಿಂದ ಕಣ್ಣು ತೆಗೆಯಲೇ ಇಲ್ಲ.

"ನಾನು ಇಷ್ಟು ವರ್ಷ ಇದನ್ನು ಗ್ರಾಫಿನಲ್ಲಿ ಮಾತ್ರ ನೋಡಿದ್ದು ಮಾರಾಯ್ತಿ" ಎಂದರು.