ಅರಗು ಮುಚ್ಚಿದ ತಾಯಿತ

ಮೊನ್ನೆ ಆಳಂದದ ಅಂಚೆ ಕಚೇರಿಯಲ್ಲಿ ಗುಮಾಸ್ತ ಪಾರ್ಸೆಲ್ಲಿನ ಹೊಲಿಗೆಯ ಮೇಲೆ ಅರಗು ಕರಗಿಸಿ ಮುದ್ರೆ ಒತ್ತಿದ. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ನರೋಣಾದ ಎದುರುಮನೆಯ ಅಕ್ಕ ನೆನಪಾದಳು. ರಸೀದಿ ತೆಗೆದುಕೊಳ್ಳುವುದನ್ನೂ ಮರೆತು ಬಂದುಬಿಟ್ಟೆ.

ಅದು ನಿಜಾಮರ ಕಾಲ. ನಾನು ನರೋಣಾದ ಶಾಲೆಗೆ ಹೊಸದಾಗಿ ಬಂದ ಮಾಸ್ತರ. ಸರಕಾರಿ ಉರ್ದು ಓದಿ ಬರೆಯಬಲ್ಲೆ ಎಂಬ ಜಂಬ ಬೇಕಾದಷ್ಟಿತ್ತು.

ಅಕ್ಕನ ಒಬ್ಬಳೇ ಮಗಳು ಮೂರು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡಿದ್ದಳು. ಆ ಕೂಸಿನ ಕೊರಳಲ್ಲಿದ್ದ ಬೆಳ್ಳಿಯ ತಾಯಿತ ಮಾತ್ರ ಉಳಿದಿತ್ತು. ಒಳಗೆ ಹೊಕ್ಕುಳಬಳ್ಳಿಯ ಒಣಗಿದ ತುಂಡು, ಬಾಯಿಗೆ ಅಕ್ಕಸಾಲಿ ಪತ್ತಾರ ಹಾಕಿದ ಅರಗು. ಸತ್ತ ಮಗುವಿನ ತಾಯಿತವನ್ನು ಕರಗಿಸುವಂತಿಲ್ಲ, ಇನ್ನೊಂದು ಮಗುವಿಗೆ ಕಟ್ಟುವಂತಿಲ್ಲ. ಘತ್ತರಗಿಗೆ ಒಯ್ದು ಭೀಮಾ ನದಿಗೆ ಬಿಡಬೇಕು. ಅಕ್ಕ ಬಿಟ್ಟಿರಲಿಲ್ಲ. ಆಮೇಲೆ ಮಕ್ಕಳಾಗದ್ದಕ್ಕೆ ಅದೇ ಕಾರಣವೆಂದು ಅತ್ತೆ ದಿನಾ ಕುಟುಕುತ್ತಿದ್ದಳು. ಬರುವ ಅಮಾವಾಸ್ಯೆಗೆ ತಾನೇ ಒಯ್ದು ನೀರಿಗೆ ಹಾಕುವುದಾಗಿ ಹೇಳಿದ್ದಳು.

ಅಷ್ಟರಲ್ಲಿ ಹೈದರಾಬಾದಿನ ಅಜಾಯಬ್‌ಘರ್‌ನಿಂದ ಒಬ್ಬ ಸಾಹೇಬರು ಹಳೆಯ ಬೆಳ್ಳಿ ತಾಯಿತಗಳನ್ನು ಹುಡುಕುತ್ತ ಜೇವರ್ಗಿ, ಅಫಜಲಪುರ ಮುಗಿಸಿ ನಮ್ಮೂರಿಗೆ ಬಂದರು. ಹೊಸದು ಬೇಡ, ಮೈಮೇಲೆ ಸವೆದದ್ದೇ ಬೇಕಂತೆ. ಅಜಾಯಬ್‌ಘರ್ ಎಂದರೆ ಹಳೆಯ ವಸ್ತುಗಳನ್ನು ಕಾಯ್ದಿಡುವ ಮನೆ, ಅಲ್ಲಿ ಕರಗಿಸುವುದಿಲ್ಲ, ಮಾರುವುದಿಲ್ಲ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾವಲು ಹಾಕುತ್ತಾರೆ ಎಂದು ಅಕ್ಕನಿಗೆ ವಿವರಿಸಿದವನು ನಾನೇ. ನದಿಯ ಪಾಲಾಗದಂತೆ ಮಗಳನ್ನು ಉಳಿಸಿಕೊಳ್ಳಲು ಅವಳಿಗೊಂದು ದಾರಿ ಸಿಕ್ಕಂತಾಯಿತು. ರೊಕ್ಕ ಬೇಡವೆಂದಳು. ಸೆರಗಿನ ಗಂಟು ಬಿಚ್ಚಿ ತಾಯಿತ ಕೊಡುವಾಗ ಒಂದೇ ಮಾತು ಹೇಳಿದಳು:

"ಇದರ ಬಾಯಿ ಬಿಚ್ಚಬಾರದಂತ ಹೇಳ್ರಿ ಮಾಸ್ತರ. ಒಳಗ ನನ್ನ ಕೂಸು ಅದ."

ಉರ್ದುವಿನಲ್ಲಿ ಹೇಳಿದೆ. ಸಾಹೇಬರು ನಕ್ಕು, ಸಾಫ್ ಮಾಡಿ ಇಡುತ್ತೇವೆ ಎಂದರು. ಸಾಫ್ ಎಂದರೆ ಬಾಯಿ ಬಿಚ್ಚಿ ತೊಳೆಯುವುದೆಂದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು... ಅಷ್ಟು ದೊಡ್ಡ ಮನುಷ್ಯರನ್ನು ಎರಡನೇ ಸಲ ಕೇಳುವ ಧೈರ್ಯವಾಗಲಿಲ್ಲ. "ಜತನ ಮಾಡಿ ಇಡ್ತಾರಂತ್ರಿ ಅಕ್ಕ" ಎಂದುಬಿಟ್ಟೆ.

ಮರುವರ್ಷ ಪರೀಕ್ಷೆಗೆಂದು ಹೈದರಾಬಾದಿಗೆ ಹೋದಾಗ ಅಜಾಯಬ್‌ಘರ್ ಹೊಕ್ಕೆ. ಮುರಿದ ಕೊಂಡಿಗೆ ಸುತ್ತಿದ್ದ ತಾಮ್ರದ ತಂತಿಯಿಂದ ಗುರುತು ಸಿಕ್ಕಿತು. ತಾಯಿತ ಫಳಫಳ ಹೊಳೆಯುತ್ತಿತ್ತು. ಅರಗು ಇರಲಿಲ್ಲ. ಮುಚ್ಚಳ ಪಕ್ಕಕ್ಕಿಟ್ಟು, ಒಳಗಿನ ಟೊಳ್ಳು ಕಾಣುವಂತೆ ಮಲಗಿಸಿದ್ದರು. ಒಳಗಿದ್ದದ್ದು ಏನಾಯಿತೆಂದು ಕಾವಲುಗಾರನನ್ನು ಕೇಳಿದೆ. ಕಸವಿದ್ದರೆ ಗುಡಿಸಿರುತ್ತಾರೆ ಎಂದ. ಅವನ ತಪ್ಪೇನೂ ಇಲ್ಲ.

ಊರಿಗೆ ಮರಳಿದ ದಿನವೇ ಅಕ್ಕ ಹೊಸ್ತಿಲಿಗೆ ಬಂದು ಕೇಳಿದಳು.

"ಬಾಯಿ ಮುಚ್ಚೇ ಅದ ಏನ್ರಿ?"

"ಹೌದ್ರಿ ಅಕ್ಕ, ಮುಚ್ಚೇ ಅದ."

ಅವಳ ಮುಖ ಅರಳಿದ್ದು ಕಂಡು ನನ್ನ ಮೇಲೆ ನನಗೇ ಅಸಹ್ಯವಾಯಿತು. ಮುಂದಿನ ಸಲ ನಾನು ಹೊರಟಾಗ ಕೂಸಿನ ತಲೆಗೂ ಬೆನ್ನಿಗೂ ಹೊದಿಸುತ್ತಿದ್ದ ಕುಂಚಿಗೆ ತಂದು ಕೊಟ್ಟಳು. ಗಾಜಿನ ಪೆಟ್ಟಿಗೆಯಲ್ಲಿ ಥಂಡಿ ಇರಬಹುದು, ತಾಯಿತಕ್ಕೆ ಹೊದಿಸಿ ಬರಬೇಕೆಂದಳು. ಒಯ್ದೆ. ಗಾಜು ತೆಗೆಯಲು ಯಾರು ಬಿಡುತ್ತಾರೆ? ಕುಂಚಿಗೆಯನ್ನು ವಾಪಸು ತಂದು ಬಚ್ಚಿಟ್ಟು, ಹೊದಿಸಿ ಬಂದೆ ಎಂದೆ.

ಅಕ್ಕ ಹೋಗಿ ಎಷ್ಟೋ ವರ್ಷಗಳಾದವು... ಮಗಳು ಬೆಚ್ಚಗಿದ್ದಾಳೆಂದೇ ಕೊನೆಯವರೆಗೂ ನಂಬಿದ್ದಳು. ಅಂಚೆ ಕಚೇರಿಯಿಂದ ಬಂದವನು ಟ್ರಂಕು ತೆಗೆದು ನೋಡಿದೆ. ಕುಂಚಿಗೆಗೆ ನುಸಿ ಹಿಡಿದಿದೆ, ಮುಟ್ಟಿದರೆ ಉದುರುತ್ತದೆ. ಘತ್ತರಗಿಗಾದರೂ ಒಯ್ದು ಬಿಡೋಣವೆಂದರೆ, ಬಿಡಬೇಕಾದದ್ದು ಎಂದೋ ಕಸದ ಬುಟ್ಟಿಗೆ ಹೋಗಿದೆ. ಹಾಗೇ ಮಡಚಿ ಒಳಗಿಟ್ಟೆ.