ಮುಂಡಪ್ಪ ಕಾಯುತ್ತಿದ್ದ ಗುರುತು

ಮೆಲ್ಕಾರಿನ ನನ್ನ ಹೋಟೆಲಿಗೆ ಫೋನ್ ಬಂದ ಮೇಲೆ ಬಹರೈನಿಗೆ ದುಡಿಯಲು ಹೋದವರ ಸುದ್ದಿಯೆಲ್ಲ ಮೊದಲು ನನ್ನ ಕಿವಿಗೇ ಬೀಳುತ್ತಿತ್ತು. ಹಾಗಾಗಿ ಶೀನಪ್ಪ ಲಾರಿಯಡಿ ಬಿದ್ದು ತೀರಿಕೊಂಡದ್ದನ್ನು ಅವನ ತಾಯಿ ಕಾಂತಿಯಕ್ಕನಿಗೆ ಹೇಳುವ ಕೆಟ್ಟ ಕೆಲಸವೂ ನನ್ನ ಪಾಲಿಗೇ ಬಂತು. ಅದು ೧೯೮೬ರ ಫೆಬ್ರವರಿ.

ಮುಂಡಪ್ಪ ಅವನ ಅಣ್ಣ, ನನ್ನ ಶಾಲೆಯ ಜೊತೆಗಾರ. ಮನೆಗೆ ಬೀಗ ಹಾಕಿದ ಮೇಲೂ ಅರ್ಧ ದಾರಿಯಿಂದ ವಾಪಸು ಬಂದು ಜಗ್ಗಿ ನೋಡುವ ಆಸಾಮಿ. ಬಹರೈನಿನ ಒಂದು ಕಂಪನಿಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ. ತಮ್ಮನಿಗೆ ವೀಸಾ ಮಾಡಿಸಿ ಅದೇ ಕೋಣೆಗೆ ಕರೆಸಿಕೊಂಡವನೂ ಅವನೇ. ಆ ಕೊರಗು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಏಪ್ರಿಲಿನಲ್ಲಿ ರಜೆಗೆ ಬಂದ. ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಎಲೆ ಹಾಕುವಾಗ ಶೀನಪ್ಪನಿಗೂ ಬಡಿಸಬೇಕು, ನೀನು ಬರಲೇಬೇಕು ಎಂದು ತಾಯಿ ಹೇಳಿದರೆ, ಈ ವರ್ಷ ಬೇಡ ಎಂದ. ಯಾಕೆ ಎಂದು ಆಮೇಲೆ ನಾನು ಹೋಟೆಲಿನಲ್ಲಿ ಕೇಳಿದೆ.

ಅವನು ತನ್ನ ಕೆಲಸದಿಂದಲೇ ಶುರು ಮಾಡಿದ. ದೊಡ್ಡ ಕಂಪ್ಯೂಟರಿನೊಳಗೆ ಹತ್ತಾರು ವರ್ಚುವಲ್ ಮೆಷಿನ್‌ಗಳಿರುತ್ತವಂತೆ. ಮುಟ್ಟಲು ಒಂದೂ ಇಲ್ಲ, ಆದರೆ ಪ್ರತಿಯೊಂದೂ ಇರುವುದು ತಾನೊಂದೇ ಎಂದು ತಿಳಿದು ದುಡಿಯುತ್ತದೆ. ಒಂದಕ್ಕೊಂದು ಕಾಣುವುದಿಲ್ಲ. ಮೆಮೊರಿಯ ಒಂದು ತುಂಡನ್ನು ಮಾತ್ರ ಅವುಗಳ ನಡುವೆ ಹಂಚಬಹುದು. ಎಲ್ಲಕ್ಕೂ ಬೇಕಾದ ಪ್ರೋಗ್ರಾಮನ್ನು ಅಲ್ಲಿ ಒಂದೇ ಸಲ ಇಟ್ಟರೆ ಜಾಗ ಉಳಿಯುತ್ತದೆ. ಸಂಬಳದ ಲೆಕ್ಕದ ಮೆಷಿನ್ ಬರೆದದ್ದನ್ನು ಉಗ್ರಾಣದ ಲೆಕ್ಕದ ಮೆಷಿನ್ ನಕಲು ಮಾಡದೆಯೇ ಓದಬಹುದು. ಅಣ್ಣತಮ್ಮಂದಿರ ಎರಡು ಮೆಷಿನ್‌ಗಳಿಗೂ ಅಂಥದೊಂದು ತುಂಡಿತ್ತು. ಶೀನಪ್ಪನ ಮೆಷಿನ್ ಅಲ್ಲಿ ಆಗಾಗ ತಾನಾಗಿಯೇ ಒಂದು ಗುರುತು ಬದಲಿಸುವುದು, ಮುಂಡಪ್ಪನದು ಅದನ್ನು ನೋಡುವುದು. ಗುರುತು ಬದಲಾಗದಿದ್ದರೆ ಆ ಮೆಷಿನ್ ಸತ್ತಿತು ಎಂದು ಲೆಕ್ಕ.

ಲಾರಿಯಡಿ ಬಿದ್ದ ದಿನ ಶೀನಪ್ಪ ತನ್ನ ಮೆಷಿನನ್ನು ನಿಲ್ಲಿಸದೆ ಊಟಕ್ಕೆ ಹೊರಟಿದ್ದ. ಗುರುತು ಈಗಲೂ ಬದಲಾಗುತ್ತಲೇ ಇತ್ತು.

"ಕುರ್ಚಿ ಖಾಲಿ ಉಂಟು ಮಾರಾಯ," ಮುಂಡಪ್ಪ ಮೆಲ್ಲಗೆ ಹೇಳಿದ. "ಆದರೆ ಅವನು ಇದ್ದೇನೆ, ಇದ್ದೇನೆ ಅಂತ ಬರೀತಾ ಇದ್ದಾನೆ."

ತಲೆ ಕೆಟ್ಟಿದೆಯಾ ಎಂದು ಬೈದು, ಮೊದಲು ಹೋಗಿ ಅದನ್ನು ನಿಲ್ಲಿಸು, ಆಟಿಗೆ ಬಾ ಎಂದೆ. ಆಗಲಿ ಎಂದು ಮಾತು ಕೊಟ್ಟು ಹೋದ.

ಆಟಿ ಶುರುವಾದಾಗ ಅವನ ಫೋನ್ ಬಂತು. ತಮ್ಮನ ಮೆಷಿನನ್ನು ನಿಲ್ಲಿಸಿದ್ದನಂತೆ. ಆದರೆ ಬರೆದವನು ಹೋದರೂ, ಹಂಚಿಕೊಂಡವನು ಹಿಡಿದುಕೊಂಡಿರುವಷ್ಟು ದಿನ ಆ ಮೆಮೊರಿ ಅಳಿಯುವುದಿಲ್ಲವಂತೆ. ಈಗ ಹಿಡಿದುಕೊಂಡಿರುವುದು ಮುಂಡಪ್ಪನ ಮೆಷಿನ್ ಒಂದೇ. ತಾನು ಊರಿಗೆ ಬಂದಾಗ ಯಾರಾದರೂ ಅದನ್ನು ನಿಲ್ಲಿಸಿದರೆ ತಮ್ಮನ ಕೊನೆಯ ಗುರುತೂ ಹೋಯಿತು, ಅದಕ್ಕೇ ಬರುವುದಿಲ್ಲ ಎಂದ.

"ಹೋಗಲಿ ಬಿಡು. ಇಲ್ಲಿ ನಿನ್ನ ಅಮ್ಮ ಕಾಯ್ತಾ ಇದ್ದಾರೆ," ಎಂದೆ ಸಿಟ್ಟಿನಿಂದ. ಮೆಷಿನ್ ನೋಡಿ ಬರಬೇಕು ಎಂದು ಅವನು ಫೋನ್ ಇಟ್ಟ.

ಎಲೆ ಹಾಕುವ ದಿನ ನಾನೇ ಹೋದೆ. ಕಾಂತಿಯಕ್ಕ ಒಳಕೋಣೆಯಲ್ಲಿ ರೊಟ್ಟಿ, ಕೋಳಿಸಾರು ಬಡಿಸಿ ಬಾಗಿಲು ಎಳೆದುಕೊಂಡಳು. ಉಣ್ಣುವವರ ಮೇಲೆ ನಮ್ಮ ಕಣ್ಣು ಬೀಳಬಾರದೆಂದು ಹೊರಗೆ ಕೂತೆವು. ಎಲೆ ಎರಡು ಹಾಕಿದ್ದಳು. ಶೀನಪ್ಪನದು ಬಿಟ್ಟು ಇನ್ನೊಂದು ಯಾರಿಗೆ ಎಂದು ಕೇಳಿದೆ.

"ಮುಂಡಪ್ಪನಿಗೆ."

ಬದುಕಿರುವವನಿಗೆ ಹೀಗೆ ಬಡಿಸುವುದುಂಟೇ ಎಂದು ಗದರಿದೆ. ಅವಳು ಅಳಲಿಲ್ಲ.

"ಅವನೂ ತಮ್ಮನ ಒಟ್ಟಿಗೇ ಇದ್ದಾನಲ್ಲ," ಎಂದಳು.

ಆಮೇಲೆ ಎದ್ದು, ಒಳಗಿನವರಿಗೆ ತಿಳಿಯಲೆಂದು ಒಮ್ಮೆ ಕೆಮ್ಮಿ ಬಾಗಿಲು ತೆಗೆದಳು. ಇಣುಕಿ ನೋಡಲು ನನಗೆ ಧೈರ್ಯ ಸಾಲಲಿಲ್ಲ.