ಅಕ್ಕನ ಎಳನೀರೂ ನನ್ನೊಳಗಿನ ಚುಕ್ಕಿಗಳೂ

ಇವತ್ತು ಹಾರೋಹಳ್ಳಿ ಬಸ್ ಸ್ಟಾಪಿನಲ್ಲಿ ಎಳನೀರಿನವನು ಕಾಯಿ ಕೆತ್ತಿದ ಸದ್ದು ಕೇಳಿ ನನಗೊಬ್ಬನಿಗೇ ನಗು ಬಂತು. ಪಕ್ಕದವರು ಒಂದು ಥರ ನೋಡಿದರು. ನೋಡಲಿ ಬಿಡಿ. ಆ ಸದ್ದಿನ ಹಿಂದೆ ನಮ್ಮಕ್ಕ ಇದ್ದಾಳೆ ಅಂತ ಅವರಿಗೇನು ಗೊತ್ತು?

ಹೋದ ವರ್ಷ ನನ್ನ ಮೂತ್ರಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತು. ಗಡ್ಡೆಯನ್ನೇನೋ ಕೆರೆದು ತೆಗೆದರು, ಬೇರು ಉಳಿದಿತ್ತು. ಕೋಶವನ್ನೇ ತೆಗೆದು ಹೊಟ್ಟೆಗೊಂದು ಚೀಲ ಅಂಟಿಸುವುದು ಒಂದು ದಾರಿ, ಕೋಶ ಉಳಿಸಿಕೊಂಡು ಔಷಧದ ಜೊತೆ ರೇಡಿಯೇಷನ್ ತೆಗೆದುಕೊಳ್ಳುವುದು ಇನ್ನೊಂದು ಎಂದರು ಡಾಕ್ಟರು. ಚೀಲ ಅಂದದ್ದೇ ನನ್ನ ಜೀವ ಬಾಯಿಗೆ ಬಂತು. ಎರಡನೆಯದೇ ಇರಲಿ ಅಂದೆ.

ಆದರೆ ಮೂತ್ರಕೋಶ ಹೇಳಿದ ಕಡೆ ಕೂರುವ ಅಂಗವಲ್ಲ. ತುಂಬಿದರೆ ಉಬ್ಬುತ್ತದೆ, ಖಾಲಿಯಾದರೆ ಮುದುಡುತ್ತದೆ. ಗುರಿ ತಪ್ಪಬಾರದೆಂದು ಒಳಗೆ ಕೊಳವೆ ತೂರಿಸಿ, ಗಡ್ಡೆಯಿದ್ದ ಜಾಗದ ಸುತ್ತ ಕೋಶದ ಗೋಡೆಗೆ ಸೂಜಿಯಿಂದ ಎಂಥದೋ ದ್ರವದ ಹನಿಗಳನ್ನಿಟ್ಟರು. ಅವು ಅಲ್ಲೇ ಗಟ್ಟಿಯಾಗಿ, ಯಂತ್ರದ ಚಿತ್ರದಲ್ಲಿ ಚುಕ್ಕಿಗಳಾಗಿ ಕಾಣುತ್ತವಂತೆ. ದಿನಾ ಮೂತ್ರ ಖಾಲಿ ಮಾಡಿಕೊಂಡೇ ಯಂತ್ರದಡಿ ಮಲಗಬೇಕೆಂದು ಹುಕುಂ ಆಯಿತು.

ಆರೈಕೆಗೆಂದು ಉಯ್ಯಂಬಳ್ಳಿಯಿಂದ ಕನಕಪುರದ ನಮ್ಮ ಮನೆಗೆ ಅಕ್ಕ ಬಂದಳು. ನಮ್ಮ ಕಡೆ ರೇಡಿಯೇಷನ್ನಿಗೆ ಕರೆಂಟು ಕೊಡೋದು ಅಂತಲೇ ಹೆಸರು. "ಕರೆಂಟು ಅಂದ್ರೆ ಉಷ್ಣ ಕಣ್ಲಾ. ಒಸಿ ತಂಪು ಮಾಡ್ಕಂಡು ಹೋಗು" ಎಂದು ಬಾರ್ಲಿ ನೀರು, ಅದರ ಮೇಲೆ ಮಜ್ಜಿಗೆ, ಆಸ್ಪತ್ರೆಯ ದಾರಿಯಲ್ಲಿ ಹಾರೋಹಳ್ಳಿಯ ಎಳನೀರು ಕುಡಿಸಿದಳು. ಕೊಟ್ಟದ್ದನ್ನೆಲ್ಲ ಕುಡಿದೆ. ಅರವತ್ತು ದಾಟಿದರೂ ಅಕ್ಕನೆದುರು ನಾನು ಮೂಗು ಸೋರುವ ಹುಡುಗನೇ. ಹೇಗೂ ಅಲ್ಲಿ ಹೋಗಿ ಖಾಲಿ ಮಾಡುತ್ತೇನಲ್ಲ ಎಂಬ ಧೈರ್ಯ ಬೇರೆ.

ಖಾಲಿ ಮಾಡಿಯೇ ಮಲಗಿದೆ. ಆದರೆ ಯಂತ್ರ ಸಜ್ಜಾಗುವಷ್ಟರಲ್ಲಿ ಅಕ್ಕನ ತಂಪೆಲ್ಲ ಕೆಳಗಿಳಿದು ಕೋಶ ಮತ್ತೆ ಉಬ್ಬಿತ್ತು. ಯಂತ್ರ ನೋಡಿಕೊಳ್ಳುವ ಹುಡುಗಿ ಚಿತ್ರ ನೋಡಿ ನಿಲ್ಲಿಸಿಬಿಟ್ಟಳು.

"ಅಂಕಲ್, ಚುಕ್ಕಿಗಳು ಜಾಗದಲ್ಲೇ ಇಲ್ಲ. ಏನು ಕುಡಿದು ಬಂದ್ರಿ?"

"ಏನ್ ಕುಡೀಲಿಲ್ಲ ಅಂತ ಕೇಳಮ್ಮ" ಅಂದೆ.

ಮತ್ತೆ ಖಾಲಿ ಮಾಡಿಕೊಳ್ಳಲೆಂದು ಹೊರಗೆ ಬಂದು ಹೇಳಿದಾಗ ಅಕ್ಕನ ಮುಖ ಬಿಳಿಚಿಕೊಂಡಿತು. "ಅಯ್ಯೋ ಶಿವನೇ! ಆ ಚುಕ್ಕಿ ಇಲ್ದೇ ಹೋಗಿದ್ರೆ ನನ್ ಕೈಯಾರೆ ನಿನ್ನ ಕೆಡಿಸ್ಬುಡ್ತಿದ್ನಲ್ಲೋ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾರನೆಯ ದಿನದಿಂದ ನೋಡಬೇಕಿತ್ತು ಅವಳ ಕಾವಲು! ಕಾಫಿ ತಂದ ನೆರೆಮನೆಯವರನ್ನು ಬಾಗಿಲಿಂದಲೇ ಅಟ್ಟಿದಳು. ಎಳನೀರನ್ನು ಬಾಟಲಿಗೆ ಬಗ್ಗಿಸಿಕೊಂಡು, "ಕರೆಂಟು ಆಗ್ಲಿ, ಆಮೇಕೆ ಕುಡಿ" ಎಂದು ಕರೆಂಟು ಕೊಡುವ ಕೋಣೆಯ ಮುಂದೆ ಕಾದು ಕೂತಳು. ಆಮೇಲೆ ಚುಕ್ಕಿಗಳು ಒಂದು ದಿನವೂ ಜಾಗ ಬಿಡಲಿಲ್ಲ.

ಇವತ್ತು ಡಾಕ್ಟರು ಮತ್ತೆ ಒಳಗೆ ಕೊಳವೆ ಇಳಿಸಿ ನೋಡಿದರು. ಗಡ್ಡೆಯ ಸುಳಿವೇ ಇಲ್ಲ! "ಚೆನ್ನಾಗಿ ನೀರು ಕುಡೀರಿ, ನಡೀರಿ" ಎಂದರು. ಆಸ್ಪತ್ರೆಯ ಮೆಟ್ಟಿಲಲ್ಲೇ ಅಕ್ಕನಿಗೆ ಫೋನ್ ಮಾಡಿದೆ. "ಗೆದ್ಬುಟ್ಟೆ ಕಣ್ಲಾ!" ಎಂದು ಅವಳು ಕೂಗಿದ್ದು ಉಯ್ಯಂಬಳ್ಳಿಗೆಲ್ಲ ಕೇಳಿಸಿರಬೇಕು.

ಅದಕ್ಕೇ ಹಾರೋಹಳ್ಳಿಯಲ್ಲಿ ಇಳಿದು ಒಂದಲ್ಲ, ಎರಡು ಎಳನೀರು ಕುಡಿದೆ. ಕನಕಪುರದ ಬಸ್ಸು ಬಂದದ್ದೂ ಒಳಗಿನಿಂದ ಅವಸರವಾದದ್ದೂ ಒಂದೇ ಹೊತ್ತಿಗೆ.

"ಯಜಮಾನ್ರೇ, ಬತ್ತೀರೋ ಇಲ್ವೋ?" ಎಂದ ಕಂಡಕ್ಟರು.

"ನೀನ್ ನಡಿಯಪ್ಪ, ನನ್ಗೆ ಇದಕ್ಕಿಂತ ದೊಡ್ಡ ಕೆಲ್ಸ ಐತೆ" ಎಂದು ಶೌಚಾಲಯದ ಕಡೆ ಎದೆಯುಬ್ಬಿಸಿ ನಡೆದೆ.